ಮತಪೆಟ್ಟಿಗೆಯೂ ಮುಷ್ಕರವೂ

ಚುನಾವಣೆಯ ದಾರಿಯೋ, ಕಾರ್ಮಿಕರ ಸ್ವತಂತ್ರ ಹೋರಾಟದ ದಾರಿಯೋ ಎಂಬ ಹಳೆಯ ವಾದ ಎಡಪಂಥೀಯರಲ್ಲಿ ಎದ್ದಾಗಲೆಲ್ಲ ರೋಸಾ ಲಕ್ಸೆಂಬರ್ಗ್ ಅವರನ್ನು ಎರಡನೆಯ ಪಂಗಡದ ಮುಂದಾಳಾಗಿ ನಿಲ್ಲಿಸುವುದು ವಾಡಿಕೆ. ಅದಕ್ಕೆ ಆಧಾರವಾಗಿ ತೋರಿಸುವುದು, ಸಾಮೂಹಿಕ ಮುಷ್ಕರವನ್ನು ಕುರಿತು ಆಕೆ 1906ರಲ್ಲಿ ಬರೆದ ಕಿರುಹೊತ್ತಗೆಯನ್ನು. ಅದನ್ನು ಮತ್ತೊಮ್ಮೆ ಓದಿದಾಗ, ಈ ವಿಂಗಡಣೆಯಿಂದ ಲೇಖಕಿಗೆ ನ್ಯಾಯ ಸಲ್ಲದೆಂದು ನನಗೆ ತೋರಿತು.

ಹೊತ್ತಗೆಯ ಹಿನ್ನೆಲೆ ಇದು: 1905ರಲ್ಲಿ ರಷ್ಯದಲ್ಲಿ ಮುಷ್ಕರಗಳ ಪ್ರವಾಹವೇ ಹರಿಯಿತು. ಅದೇ ವರ್ಷ ಜರ್ಮನಿಯ ಕಾರ್ಮಿಕ ಸಂಘಗಳು ಕೊಲೋನ್ ಸಮ್ಮೇಳನದಲ್ಲಿ ಸಾಮೂಹಿಕ ಮುಷ್ಕರದ ಮಾತನ್ನು ತಳ್ಳಿಹಾಕಿದವು. ಸೋಷಲ್ ಡೆಮಾಕ್ರಟಿಕ್ ಪಕ್ಷ ಯೇನಾ ಸಮ್ಮೇಳನದಲ್ಲಿ ಅದನ್ನು ಅಂಗೀಕರಿಸಿತು. ಇಬ್ಬರಿಗೂ ರೋಸಾ ಕೊಡುವ ಉತ್ತರ ಒಂದೇ: ಠರಾವಿನಿಂದ ಇಂಥ ಮುಷ್ಕರವನ್ನು ಹೊರಡಿಸಲೂ ಆಗದು, ತಡೆಯಲೂ ಆಗದು. ಸಂಘಟನೆಯಿಂದ ಹೋರಾಟ ಹುಟ್ಟುವಂತೆ ಹೋರಾಟದಿಂದಲೂ ಸಂಘಟನೆ ಹುಟ್ಟುತ್ತದೆ. ಕೂಲಿಯ ಜಗಳ ರಾಜಕೀಯವಾಗಿ, ರಾಜಕೀಯ ಮತ್ತೆ ಕೂಲಿಯ ಜಗಳವಾಗಿ ಮಾರ್ಪಡುವುದನ್ನು ಬಾಕು, ರಾಸ್ತೊವ್, ಪೀಟರ್ಸ್‌ಬರ್ಗುಗಳ ಘಟನೆಗಳಿಂದ ನಿರೂಪಿಸುವ ಅಧ್ಯಾಯವೇ ಇಲ್ಲಿನ ಜೀವಾಳ.

ಕುಂದೂ ಉಂಟು. ಪ್ರವಾಹ ಏರುವುದನ್ನು ಬಣ್ಣಿಸಿದಷ್ಟು ಚೆನ್ನಾಗಿ, ಅದು ಇಳಿದ ಮೇಲೆ ಉಳಿಯುವುದೇನೆಂಬುದನ್ನು ಆಕೆ ವಿಚಾರಿಸಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಸಂಘದ ಹಣ ಕೆಲವೇ ವಾರಗಳಲ್ಲಿ ಕರಗಿಹೋದರೆ ಕಾರ್ಮಿಕನ ಮನೆಯ ಒಲೆ ಉರಿಯುವುದೆಂತು ಎಂಬ ಅಂಜಿಕೆ ಬರಿಯ ಹೇಡಿತನವಲ್ಲ. ಅದಕ್ಕೆ ಲೇಖಕಿ ಸಾಕಷ್ಟು ಕಿವಿಗೊಟ್ಟಿಲ್ಲವೆನ್ನದೆ ಗತ್ಯಂತರವಿಲ್ಲ.

ಆದರೂ ಆಕೆಯ ಎಚ್ಚರಿಕೆ ಸುಳ್ಳಾಗಲಿಲ್ಲ. 1912ರ ಚುನಾವಣೆಯಲ್ಲಿ ಆ ಪಕ್ಷ 110 ಸ್ಥಾನಗಳನ್ನು ಗೆದ್ದು ಜರ್ಮನಿಯ ಸಂಸತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಯಿತು. ಎರಡೇ ವರ್ಷಗಳಲ್ಲಿ, 1914ರ ಆಗಸ್ಟ್ 4ರಂದು, ಅದೇ ಪಕ್ಷ ಯುದ್ಧದ ಸಾಲಕ್ಕೆ ಮತ ನೀಡಿತು. ಸ್ಥಾನಗಳು ಹೆಚ್ಚಿದ್ದರಿಂದ ಯುದ್ಧ ನಿಲ್ಲಲಿಲ್ಲ.

ಇಷ್ಟಾಗಿಯೂ ರೋಸಾ ಮತಪೆಟ್ಟಿಗೆಯನ್ನು ತೊರೆಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1918ರ ಡಿಸೆಂಬರ್ ಕೊನೆಯಲ್ಲಿ ಜರ್ಮನ್ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾದಾಗ, ರಾಷ್ಟ್ರೀಯ ಸಭೆಯ ಚುನಾವಣೆಗೆ ನಿಲ್ಲಬೇಕೆಂದು ಆಕೆ ವಾದಿಸಿದರು. ಪ್ರತಿನಿಧಿಗಳು ಅದನ್ನು 62ಕ್ಕೆ 23 ಮತಗಳಿಂದ ತಿರಸ್ಕರಿಸಿದರು. 1919ರ ಜನವರಿ 15ರಂದು ಆಕೆಯ ಕೊಲೆಯಾಯಿತು. ನಾಲ್ಕು ದಿನಗಳ ತರುವಾಯ ಜರ್ಮನಿಯ ಹೆಂಗಸರು ಮೊದಲ ಬಾರಿ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಿದರು. ಆ ಭಾಗ್ಯ ರೋಸಾರಿಗೆ ದೊರೆಯಲಿಲ್ಲ.

ಸಂಸತ್ತಿನ ಒಳಗೆ ಹೋದವರನ್ನು ಹೊರಗಿರುವ ದುಡಿಮೆಗಾರರು ಹಿಡಿತದಲ್ಲಿಟ್ಟುಕೊಳ್ಳುವುದು ಹೇಗೆ? ಲೇಖಕಿಯನ್ನು ಕಾಡಿದ ಪ್ರಶ್ನೆ ಇದೆಂದು ನನ್ನ ಭಾವನೆ. ಹೊತ್ತಗೆ ಅದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ. ಆದರೆ ಐದು ವರ್ಷಕ್ಕೊಮ್ಮೆ ಮತ ಹಾಕಿ ಮನೆಗೆ ಮರಳುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು.