ಎಷ್ಟು ಆವಿ, ಎಷ್ಟು ದ್ರವ?

ಫ್ಲ್ಯಾಶ್ ಲೆಕ್ಕ ಮಾಡದೆ ಕೆಮಿಕಲ್ ಎಂಜಿನಿಯರಿಂಗ್ ಪಾಸಾದವರು ಇರಲಾರರು. ಬಿಸಿ ಮಿಶ್ರಣವೊಂದು ಒತ್ತಡ ಕಡಿಮೆಯಿರುವ ಡ್ರಮ್ಮಿಗೆ ನುಗ್ಗಿದಾಗ ಎಷ್ಟು ಪಾಲು ಆವಿಯಾಯಿತು, ಎಷ್ಟು ದ್ರವವಾಗಿ ಉಳಿಯಿತು, ಯಾವುದರಲ್ಲಿ ಯಾವ ಘಟಕ ಎಷ್ಟಿದೆ ಎಂದು ಕಂಡುಹಿಡಿಯುವುದು ಈ ಲೆಕ್ಕದ ಕೆಲಸ. 1952ರಲ್ಲಿ ರಾಚ್‌ಫರ್ಡ್ ಮತ್ತು ರೈಸ್ ಇದನ್ನು ಆಗಿನ್ನೂ ಹೊಸದಾಗಿದ್ದ ಡಿಜಿಟಲ್ ಕಂಪ್ಯೂಟರಿಗೆ ಒಗ್ಗುವಂತೆ ಬರೆದುಕೊಟ್ಟರು. ಇಂದಿನ ಸಿಮ್ಯುಲೇಟರ್‌ಗಳ ಒಳಗೂ ಅದೇ ಸಮೀಕರಣ ಓಡುತ್ತಿದೆ.

ಅದರ ಜಾಣತನ ಸಣ್ಣದು, ಆದರೆ ಅಚ್ಚುಕಟ್ಟು. ದ್ರವದ ಮೋಲ್ ಭಾಗಗಳ ಮೊತ್ತ ಒಂದಾಗಬೇಕು ಎಂಬ ಷರತ್ತನ್ನಷ್ಟೇ ಹಿಡಿದು ಹೊರಟರೆ, ಆವಿಯ ಪಾಲು ಸೊನ್ನೆ ಎಂಬುದೂ ಉತ್ತರವಾಗಿ ಕೂತಿರುತ್ತದೆ. ಆವಿಯ ಮೊತ್ತವನ್ನಷ್ಟೇ ಹಿಡಿದರೆ ಆವಿಯ ಪಾಲು ಒಂದು ಎಂಬಲ್ಲಿ ಅದೇ ಕಥೆ. ಎರಡೂ ಹುಸಿ. ಒಂದು ಮೊತ್ತದಿಂದ ಇನ್ನೊಂದನ್ನು ಕಳೆದರೆ ಎರಡು ಹುಸಿ ಉತ್ತರಗಳೂ ತೊಲಗುತ್ತವೆ. ಉಳಿದ ರೇಖೆ ಈ ಎರಡು ತುದಿಗಳ ನಡುವೆ ಒಂದೇ ಸಮನೆ ಇಳಿಯುತ್ತ ಹೋಗುವುದರಿಂದ ನ್ಯೂಟನ್ ವಿಧಾನಕ್ಕೆ ದಾರಿ ತಪ್ಪುವ ಸಂದರ್ಭ ಕಡಿಮೆ. ಸಮಪಾಲು ಬೆಂಜೀನ್ ಮತ್ತು ಟೊಲ್ವೀನ್ ತೆಗೆದುಕೊಳ್ಳಿ: ಒಂದು ಅಟ್ಮಾಸ್ಫಿಯರ್, 95 ಡಿಗ್ರಿ ಸೆಲ್ಸಿಯಸ್. ಆವಿಯಲ್ಲಿರುವ ಪಾಲಿಗೂ ದ್ರವದಲ್ಲಿರುವ ಪಾಲಿಗೂ ಇರುವ ಅನುಪಾತ, ಅಂದರೆ ಕೆ-ಮೌಲ್ಯ, ಬೆಂಜೀನಿಗೆ ಸುಮಾರು 1.55, ಟೊಲ್ವೀನಿಗೆ 0.63. ಸುಮಾರು 44 ಶೇಕಡಾ ಆವಿ ಎಂಬ ಉತ್ತರ ಕೈಲೆಕ್ಕದಲ್ಲೇ ಬರುತ್ತದೆ.

ಈ ಉದಾಹರಣೆಯ ತೊಂದರೆಯೆಂದರೆ ಅದು ತೀರಾ ಸಾಧು. ಬೆಂಜೀನ್-ಟೊಲ್ವೀನ್ ಜೋಡಿಯ ಕೆ-ಮೌಲ್ಯ ಮಿಶ್ರಣದ ಸಂಯೋಜನೆಯನ್ನು ಹೆಚ್ಚುಕಡಿಮೆ ಲೆಕ್ಕಿಸುವುದೇ ಇಲ್ಲ. ಎಲ್ಲ ಮಿಶ್ರಣಗಳೂ ಹೀಗಿರುವುದಿಲ್ಲ. ಅಧಿಕ ಒತ್ತಡದ ನೈಸರ್ಗಿಕ ಅನಿಲದಲ್ಲಿ ಕೆ ಬೇಕೆಂದರೆ ಸಂಯೋಜನೆ ಗೊತ್ತಿರಬೇಕು, ಸಂಯೋಜನೆ ಬೇಕೆಂದರೆ ಕೆ. ಆದ್ದರಿಂದ ಒಂದು ಅಂದಾಜು ಇಟ್ಟು, ಫ್ಲ್ಯಾಶ್ ಮಾಡಿ, 1972ರ ಸೋವೆ ಅಥವಾ 1976ರ ಪೆಂಗ್-ರಾಬಿನ್ಸನ್ ಸ್ಥಿತಿ ಸಮೀಕರಣದಿಂದ ಹೊಸ ಕೆ ತೆಗೆದು, ಮತ್ತೆ ಫ್ಲ್ಯಾಶ್ ಮಾಡುವುದು ರೂಢಿ. ಆವಿ-ದ್ರವಗಳ ಭೇದ ಅಳಿಯುವ ಕ್ರಿಟಿಕಲ್ ಬಿಂದುವಿನ ಹತ್ತಿರ ಈ ಸುತ್ತಾಟ ಆಮೆವೇಗಕ್ಕಿಳಿಯುತ್ತದೆ. ನಿಧಾನವನ್ನು ಸಹಿಸಬಹುದು. ಆದರೆ ಕೆಲವೊಮ್ಮೆ ಎಲ್ಲ ಕೆ-ಮೌಲ್ಯಗಳೂ ಒಂದಕ್ಕೆ ಬಂದು ನಿಂತು, ‘ಆವಿ’ ಮತ್ತು ‘ದ್ರವ’ ಎರಡೂ ಒಂದೇ ವಸ್ತುವಾಗಿಬಿಡುತ್ತವೆ. ಸಮೀಕರಣಗಳೆಲ್ಲ ತೃಪ್ತವಾಗಿರುತ್ತವೆ, ದೋಷ ಸೊನ್ನೆಯಾಗಿರುತ್ತದೆ, ಪ್ರೋಗ್ರಾಂ ಖುಷಿಯಾಗಿ ನಿಲ್ಲುತ್ತದೆ.

ನನ್ನ ತಕರಾರು ಈ ರೂಢಿ ಪ್ರಶ್ನೆ ಕೇಳುವ ಕ್ರಮದ ಬಗ್ಗೆ. ಮಿಶ್ರಣ ಒಡೆಯುತ್ತದೆಯೇ, ಎಷ್ಟು ಭಾಗವಾಗುತ್ತದೆ ಎಂದು ಕೇಳದೆಯೇ ಅದು ಎಷ್ಟು ಆವಿ ಎಂದು ಕೇಳುತ್ತದೆ. ನೀರು-ಬ್ಯೂಟನಾಲ್ ಮಿಶ್ರಣಕ್ಕೆ ಆವಿ ಮತ್ತು ಒಂದೇ ದ್ರವ ಎಂದು ಆಜ್ಞೆ ಕೊಟ್ಟರೆ ಲೆಕ್ಕ ಹಾಗೆಯೇ ಒಪ್ಪಿಸುತ್ತದೆ. ಪಾತ್ರೆಯಲ್ಲಿ ಮಾತ್ರ ದ್ರವ ಎರಡು ಪದರವಾಗಿ ನಿಂತಿರಬಹುದು.

ಈ ಕ್ರಮವನ್ನು ನೆಟ್ಟಗೆ ಮಾಡಿದವರು ಡೆನ್ಮಾರ್ಕಿನ ಮೈಕೆಲ್ ಮಿಕೆಲ್ಸನ್. 1982ರಲ್ಲಿ ಬಂದ ಅವರ ಜೋಡಿ ಪ್ರಬಂಧಗಳಲ್ಲಿ ಮೊದಲನೆಯದು ಸ್ಥಿರತೆಯದು, ಎರಡನೆಯದು ವಿಭಜನೆಯದು. ಆ ಅನುಕ್ರಮವೇ ಒಂದು ವಿಮರ್ಶೆ. ಮಿಶ್ರಣದಿಂದ ಚಿಟಿಕೆಯಷ್ಟು ಬೇರೆ ಸಂಯೋಜನೆಯ ಹೊಸ ಅವಸ್ಥೆ ಹುಟ್ಟಿದರೆ ಗಿಬ್ಸ್ ಶಕ್ತಿ ಇಳಿಯುತ್ತದೆಯೇ? ಇಳಿದರೆ ಮಿಶ್ರಣ ಒಡೆಯಲೇಬೇಕು. ಮೂಲ ಕಲ್ಪನೆ ಹತ್ತೊಂಬತ್ತನೆಯ ಶತಮಾನದ ಗಿಬ್ಸ್‌ನದೇ. ಅದನ್ನು ನಂಬಿಕೆಯಿಂದ ಓಡಿಸಬಹುದಾದ ಲೆಕ್ಕವಾಗಿಸಿದ್ದು ಮಿಕೆಲ್ಸನ್. ಒಡೆಯುತ್ತದೆ ಎಂದಾದರೆ, ಹಾಗೆ ಸಿಕ್ಕ ಸಂಯೋಜನೆಯೇ ಮುಂದಿನ ಫ್ಲ್ಯಾಶ್‌ಗೆ ಒಳ್ಳೆಯ ಆರಂಭದ ಅಂದಾಜೂ ಆಗುತ್ತದೆ. ಇದು ದೋಷರಹಿತವೇನಲ್ಲ. ಕೆಲವೇ ಆರಂಭ ಬಿಂದುಗಳಿಂದ ಹುಡುಕುವುದರಿಂದ, ಮೂಲೆಯಲ್ಲಿ ಅಡಗಿದ ಮೂರನೆಯ ಪದರ ಕಣ್ತಪ್ಪಬಹುದು. ಆದರೂ ಪದವಿ ತರಗತಿಯಲ್ಲಿ ಇದಕ್ಕೆ ಒಂದು ವಾರ ಮೀಸಲಿಡುವುದು, ಬಬಲ್ ಪಾಯಿಂಟಿನ ಇನ್ನೂ ಹತ್ತು ಲೆಕ್ಕ ಬಿಡಿಸುವುದಕ್ಕಿಂತ ಲಾಭದಾಯಕ ಎಂದು ನನಗನಿಸುತ್ತದೆ.

ಇಷ್ಟಾದರೂ ಕೆ-ಮೌಲ್ಯ ಕೊಡುವ ಮಾಡೆಲ್ಲೇ ಸುಳ್ಳಾದರೆ ಸ್ಥಿರತೆಯ ಪರೀಕ್ಷೆಯೂ ಆ ಸುಳ್ಳನ್ನೇ ದೃಢಪಡಿಸುತ್ತದೆ. ಮಿಶ್ರಣವನ್ನು ಆದರ್ಶವೆಂದೇ ಎಣಿಸುವ ರೌಲ್ಟ್ ನಿಯಮಕ್ಕೆ ಎಥನಾಲ್-ನೀರಿನ ಅಜಿಯೋಟ್ರೋಪ್, ಅಂದರೆ ಆವಿ ಮತ್ತು ದ್ರವದ ಸಂಯೋಜನೆ ಒಂದೇ ಆಗುವ ಬಿಂದು, ಕಾಣಿಸುವುದೇ ಇಲ್ಲ. ಬಟ್ಟಿ ಇಳಿಸುವ ಕಾಲಂನಲ್ಲಿ ತಟ್ಟೆಗಳನ್ನು ಹೆಚ್ಚಿಸುತ್ತ ಹೋದರೆ ಅಪ್ಪಟ ಎಥನಾಲೇ ಸಿಗುತ್ತದೆ ಎಂದು ಅದು ಹೇಳುತ್ತದೆ. ವಾಸ್ತವದಲ್ಲಿ ವಾತಾವರಣದ ಒತ್ತಡದಲ್ಲಿ ತೂಕದ ಲೆಕ್ಕದಲ್ಲಿ 95.6 ಶೇಕಡಾ ಹತ್ತಿರ ಕಾಲಂ ಕೈಚೆಲ್ಲುತ್ತದೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ತಯಾರಿಸುವ ಕರ್ನಾಟಕದ ಸಕ್ಕರೆ ಕಾರ್ಖಾನೆಗಳು ಉಳಿದ ನೀರನ್ನು ತೆಗೆಯಲು ಮಾಲಿಕ್ಯುಲರ್ ಸೀವ್ ಬಳಸುವುದು ಇದಕ್ಕೇ. ರೌಲ್ಟ್ ನಿಯಮವನ್ನೇ ನಂಬಿ ಕೂತವರ ಸಲಕರಣೆ ಪಟ್ಟಿಯಲ್ಲಿ ಆ ಸೀವ್ ಇರುವುದೇ ಇಲ್ಲ.