ಒಳಗಿನ್ನೂ ನೀರಿದೆ

ತೆಂಗಿನ ಕರಟದಿಂದ ಗಿಟಾರ್ ನುಡಿಸಲು ಬರುವುದಿಲ್ಲ. ತೆಂಗಿನ ಸೀಮೆಯ ಅಮ್ಮಸಂದ್ರದಲ್ಲಿ ಕೂತು ಇದನ್ನು ಬರೆಯಲು ಮುಜುಗರ, ಆದರೆ ಪ್ರಯೋಗ ಮಾಡಿಯೇ ಹೇಳುತ್ತಿದ್ದೇನೆ. ಕರಟದ ಹೋಳೊಂದನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ಮುಖ ಕಾಣುವಷ್ಟು ನುಣುಪು ಮಾಡಿದೆ. ತಂತಿಯ ಮೇಲಿಟ್ಟು ಮೀಟಿದರೆ ಟಪ್ ಅಂದಿತು, ಅಷ್ಟೆ. ಕರಟ ಹಗುರ. ಮೇಲೆ ಕೂತದ್ದಕ್ಕೆ ಭಾರವಿದ್ದರೆ ತಂತಿ ಅದರಾಚೆ ಮಿಡಿಯುತ್ತಲೇ ಇರುತ್ತದೆ. ಭಾರವಿಲ್ಲದ್ದು ತಂತಿಯ ಜೊತೆ ತಾನೂ ಅದುರಿ ನಾದವನ್ನು ನುಂಗಿಬಿಡುತ್ತದೆ. ಕೊನೆಗೆ ಲಾರಿ ಗ್ಯಾರೇಜಿನಿಂದ ಒಂದು ಬಾಕ್ಸ್ ಪಾನ ಇಸಕೊಂಡು ಬಂದು ಕಿರುಬೆರಳಿಗೆ ಸಿಕ್ಕಿಸಿಕೊಂಡೆ. ಆಗ ಗಿಟಾರ್ ಹಾಡಿತು. ಹಾಡಿತು ಅನ್ನುವುದು ನನ್ನ ಮಾತು. ಪಕ್ಕದ ತೋಟದ ಗೌಡರು ಬೇಲಿಯಾಚೆಯಿಂದ, "ಏನ್ ಮೇಷ್ಟ್ರೇ, ಬೆಕ್ಕೇನಾದ್ರೂ ಸಿಕ್ಕಾಕ್ಕೊಂಡೈತಾ?" ಅಂದರು.

ಇದೇ ಸ್ಲೈಡ್ ಗಿಟಾರ್. ತಂತಿಯನ್ನು ಬೆರಳಲ್ಲಿ ಮೆಟ್ಟಿಗೆ ಒತ್ತುವುದಿಲ್ಲ. ಗಾಜಿನದೋ ಲೋಹದ್ದೋ ಕೊಳವೆಯನ್ನು ಅದರ ಮೇಲೆ ಜಾರಿಸುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವ ಬದಲು ನಡುವಿನ ದಾರಿಯನ್ನೆಲ್ಲ ಸವರಿಕೊಂಡೇ ಹೋಗಬಹುದು. ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ ರೈಲು ಹಳಿಯ ಪಕ್ಕ ಬಿದ್ದಿದ್ದ ಬೋಲ್ಟ್ ಎತ್ತಿಕೊಂಡು ತಂತಿಗೆ ತಾಗಿಸಿ ಇದನ್ನು ಕಂಡುಕೊಂಡನೆಂದು ಒಂದು ಕಥೆ. ಹಳಿ ನಮ್ಮೂರಲ್ಲೂ ಇದೆ. ಬೋಲ್ಟ್ ಮುಟ್ಟುವ ಧೈರ್ಯ ನನಗಿಲ್ಲ.

ಈ ವಾರ ಈ ಹುಚ್ಚು ಹಿಡಿದದ್ದು ಬ್ರಯಾನ್ ಜೋನ್ಸ್‌ನಿಂದ. 1962ರಲ್ಲಿ ಲಂಡನ್ನಿನ ಈಲಿಂಗ್‌ನ ನೆಲಮಾಳಿಗೆಯ ಕ್ಲಬ್ಬೊಂದರಲ್ಲಿ, ಚೆಲ್ಟನಮ್ ಊರಿನ ಈ ಇಪ್ಪತ್ತರ ಹುಡುಗ ಎಲ್ಮೊ ಲೂಯಿಸ್ ಎಂದು ಹೆಸರಿಟ್ಟುಕೊಂಡು 'ಡಸ್ಟ್ ಮೈ ಬ್ರೂಮ್' ಹಾಡನ್ನು ಸ್ಲೈಡ್‌ನಲ್ಲಿ ನುಡಿಸಿದ. ಕೇಳುತ್ತಿದ್ದವರಲ್ಲಿ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇದ್ದರು. ಅದೇ ವರ್ಷ ಮೂವರೂ ಸೇರಿ ರೋಲಿಂಗ್ ಸ್ಟೋನ್ಸ್ ತಂಡವಾಯಿತು. ಜೋನ್ಸ್ ನುಡಿಸಿದ್ದು ಅಮೆರಿಕದ ಎಲ್ಮೋರ್ ಜೇಮ್ಸ್ 1951ರಲ್ಲಿ ಹಾಡಿದ್ದನ್ನು. ಜೇಮ್ಸ್‌ಗಿಂತ ಮೊದಲೇ, 1936ರಲ್ಲಿ, ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ಅದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದ್ದ. ಅಂದರೆ ಆ ರಾತ್ರಿ ಈಲಿಂಗ್‌ಗೆ ಬಂದದ್ದು ಕೈಯಿಂದ ಕೈಗೆ ದಾಟಿಬಂದ ಸರಕು. ಬ್ರಿಟಿಷ್ ರಾಕ್ ಕಣ್ಣು ಬಿಟ್ಟದ್ದೇ ಇನ್ನೊಬ್ಬರ ಹಾಡಿನಲ್ಲಿ. ಇದನ್ನು ಅವರ ಬಡತನ ಎನ್ನುವವರಿದ್ದಾರೆ. ದಾಸರ ಪದ ಕೇಳಿಕೊಂಡು ಬೆಳೆದ ನಮಗೆ ಇನ್ನೊಬ್ಬರ ಹಾಡು ಹಾಡುವುದು ತಪ್ಪಾಗಿ ಕಾಣಬೇಕಿಲ್ಲ.

ಸ್ಟೋನ್ಸ್‌ನ ಮೊದಲ ತಟ್ಟೆ, 1963ರ ಜೂನ್‌ನಲ್ಲಿ ಬಂದದ್ದು, ಚಕ್ ಬೆರಿಯ ಹಾಡು. ಎರಡನೆಯದು ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ ಬರೆದುಕೊಟ್ಟ 'ಐ ವಾನ ಬಿ ಯುವರ್ ಮ್ಯಾನ್'. ಅದರಲ್ಲಿ ಜೋನ್ಸ್‌ನ ಸ್ಲೈಡ್ ಇದೆ, ಆದರೆ ಬಸ್ಸು ತಪ್ಪುತ್ತದೇನೋ ಎಂಬ ಅವಸರದಲ್ಲಿದೆ. ನಿಜವಾಗಿ ಕಿವಿ ಕೊಡಬೇಕಾದದ್ದು 1964ರ ನವೆಂಬರ್‌ನ 'ಲಿಟ್ಲ್ ರೆಡ್ ರೂಸ್ಟರ್'. ವಿಲಿ ಡಿಕ್ಸನ್ ಬರೆದು, ಹೌಲಿನ್ ವುಲ್ಫ್ 1961ರಲ್ಲಿ ಷಿಕಾಗೋದಲ್ಲಿ ಹಾಡಿದ ಹಾಡು. ಹದಿಹರೆಯದವರು ಕಿರುಚಾಡುತ್ತಿದ್ದ ಆ ಕಾಲದಲ್ಲಿ ಇಂಥ ನಿಧಾನದ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಜಾಗರ್ ಒಂದು ಸಾಲು ಹಾಡಿ ಸುಮ್ಮನಾಗುತ್ತಾನೆ. ಆ ಖಾಲಿ ಜಾಗಕ್ಕೆ ಜೋನ್ಸ್ ಕೊಳವೆ ಜಾರಿಸಿಕೊಂಡು ಬರುತ್ತಾನೆ, ಹೇಳಬೇಕಾದಷ್ಟು ಹೇಳಿ ಹಿಂದೆ ಸರಿಯುತ್ತಾನೆ. ಜಾಗ ಇದೆಯಲ್ಲ ಅಂತ ತುಂಬಲು ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದವನಿಗೆ ಈ ಸಂಯಮ ಎಲ್ಲಿಂದ ಬಂತೋ.

ವುಲ್ಫ್‌ನದು, ಸ್ಟೋನ್ಸ್‌ನದು, ಎರಡನ್ನೂ ಒಂದರ ಹಿಂದೊಂದು ಗೌಡರಿಗೆ ಕೇಳಿಸಿದೆ. ಅವರು ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸುತ್ತಿದ್ದರು. ಈ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಒಂದು ಮಾತು: ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಆಯಿತು, ಗುಳುಗುಳು ಅಂದರೆ ಮತ್ತೆ ಅಟ್ಟಕ್ಕೆ. ಅದೇ ಕಿವಿಯಲ್ಲಿ ಗೌಡರು ಎರಡೂ ಹಾಡು ಕೇಳಿ, ವುಲ್ಫ್‌ನ ಕಡೆ ಕೈ ತೋರಿಸಿ, "ಇದು ಆಗೈತೆ" ಅಂದರು. ಆಮೇಲೆ, "ಆ ಹುಡುಗ್ರುದು ಒಳಗಿನ್ನೂ ನೀರೈತೆ."

ಒಪ್ಪಿದೆ. ಹಾಡಿದಾಗ ವುಲ್ಫ್‌ಗೆ ಐವತ್ತು ದಾಟಿತ್ತು, ಜಾಗರ್‌ಗೆ ಇಪ್ಪತ್ತೊಂದು. ಆದರೆ ನೀರು ಜಾಗರ್‌ನ ಗಂಟಲಲ್ಲಿದೆ, ಜೋನ್ಸ್‌ನ ತಂತಿಯಲ್ಲಿ ಅಲ್ಲ ಎಂದು ವಾದ ಹೂಡಿದೆ. ಗೌಡರು ಮುಂದಿನ ಕಾಯಿ ಎತ್ತಿಕೊಂಡರು.

ಇನ್ನೊಬ್ಬರ ಹಾಡಿನ ಋಣದ ವಿಷಯದಲ್ಲಿ ಆ ಹುಡುಗರ ಲೆಕ್ಕ ಒಂದೇ ಥರ ಇರಲಿಲ್ಲ. 1965ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಕ್ಕೆ ಕರೆದಾಗ ತಮ್ಮ ಜೊತೆ ಹೌಲಿನ್ ವುಲ್ಫ್‌ನನ್ನೂ ಕರೆಸಿ, ಅವನ ಕಾಲ ಬಳಿ ಕೂತು ಕೇಳಿದರು. ಅದೇ ತಂಡ 1969ರಲ್ಲಿ ರಾಬರ್ಟ್ ಜಾನ್ಸನ್‌ನ 'ಲವ್ ಇನ್ ವೇನ್' ಹಾಡಿದಾಗ, ಕರ್ತೃವಿನ ಜಾಗದಲ್ಲಿ ಜಾನ್ಸನ್ ಹೆಸರಿಲ್ಲ, ವುಡಿ ಪೇನ್ ಅಂತಿತ್ತು. ನಮ್ಮ ಪುರಂದರದಾಸರು ಎಷ್ಟು ಜಾಣರು ನೋಡಿ. ಭೀಮಸೇನ ಜೋಶಿ ಹಾಡಲಿ, ಭಜನೆಯ ಅಜ್ಜಿ ಹಾಡಲಿ, ಕೊನೆಯ ಸಾಲಿಗೆ ಬಂದಾಗ ವಿಠಲನ ಅಂಕಿತ ಹೇಳಿಯೇ ಮುಗಿಸಬೇಕು. ಹಾಡು ಯಾರದೆಂಬ ಕಾಗದಪತ್ರ ಹಾಡಿನೊಳಗೇ ಇರುತ್ತದೆ.

ಜಾರುವ ನಾದವೂ ನಮಗೆ ಹೊರಗಿನದಲ್ಲ. ಗೋಟು ಅಂದರೆ ಈ ಕಡೆ ಮೊದಲು ಅಡಿಕೆ ನೆನಪಾಗುತ್ತದೆ, ಆದರೆ ಗೋಟುವಾದ್ಯ ಅಂತ ಒಂದಿದೆ: ಮೆಟ್ಟಿಲ್ಲದ ವೀಣೆ, ತಂತಿಯ ಮೇಲೆ ಉರುಳೆ ಜಾರಿಸಿ ನುಡಿಸುವಂಥದ್ದು. ಚಿತ್ರವೀಣೆ ಅನ್ನುವುದೂ ಅದನ್ನೇ. ಅದರ ದೊಡ್ಡ ವಿದ್ವಾಂಸ ನಾರಾಯಣ ಅಯ್ಯಂಗಾರ್ಯರು ಮೈಸೂರು ಆಸ್ಥಾನದಲ್ಲಿದ್ದವರು. ಮೊಮ್ಮಗ ರವಿಕಿರಣ್ ಮೈಸೂರಿನಲ್ಲೇ 1967ರಲ್ಲಿ ಹುಟ್ಟಿದರು. ಗಿಟಾರನ್ನೇ ಹಿಂದೂಸ್ತಾನಿಗೆ ಒಗ್ಗಿಸಿಕೊಂಡ ಪ್ರಕಾಶ್ ಸೊಂಟಕ್ಕೆ ಬೆಂಗಳೂರಿನಲ್ಲಿದ್ದಾರೆ. ಅವರ ಬಗ್ಗೆ ಇನ್ನೊಂದು ವಾರ.

ಈಗ ಒಂದು ಎಳೆ ಹಿಡಿದುಕೊಳ್ಳಿ. 1968ರ ಡಿಸೆಂಬರ್‌ನಲ್ಲಿ ಸ್ಟೋನ್ಸ್ ತಂಡ ಸರ್ಕಸ್ ಡೇರೆಯ ಥರ ರಂಗ ಕಟ್ಟಿ ಒಂದು ಕಾರ್ಯಕ್ರಮ ಚಿತ್ರೀಕರಿಸಿತು. ಅದರಲ್ಲಿ ಜೋನ್ಸ್ ತಂಡದ್ದೇ ಹಾಡಾದ 'ನೋ ಎಕ್ಸ್‌ಪೆಕ್ಟೇಷನ್ಸ್'ಗೆ ಸ್ಲೈಡ್ ನುಡಿಸಿದ. ಸ್ಟೋನ್ಸ್ ಜೊತೆ ಅವನು ಜನರೆದುರು ನುಡಿಸಿದ್ದು ಅದೇ ಕೊನೆ. ಮುಂದಿನ ಜುಲೈನಲ್ಲಿ ಈಜುಕೊಳದಲ್ಲಿ ಸತ್ತ. ಆ ದಿನ ಅದೇ ರಂಗದಲ್ಲಿ ಹಾಡಿದವರಲ್ಲಿ ತಾಜ್ ಮಹಲ್ ಎಂದು ಹೆಸರಿಟ್ಟುಕೊಂಡ ಅಮೆರಿಕದ ಬ್ಲೂಸ್ ಗಾಯಕನೂ ಇದ್ದ. ಇಪ್ಪತ್ತೇಳು ವರ್ಷದ ನಂತರ, 1995ರಲ್ಲಿ, ಆ ತಾಜ್ ಮಹಲ್ 'ಮುಮ್ತಾಜ್ ಮಹಲ್' ಎಂಬ ಆಲ್ಬಂ ಮಾಡಿದ. ಜೊತೆಯಲ್ಲಿ ಗಿಟಾರನ್ನೇ ಮಾರ್ಪಡಿಸಿದ ಮೋಹನವೀಣೆಯ ವಿಶ್ವಮೋಹನ ಭಟ್ಟರು, ಚಿತ್ರವೀಣೆಗೆ ನಮ್ಮ ರವಿಕಿರಣ್. ಅಲ್ಲಿರುವ ಒಂದು ಹಾಡು 'ಕಮ್ ಆನ್ ಇನ್ ಮೈ ಕಿಚನ್'. ಅದೇ ರಾಬರ್ಟ್ ಜಾನ್ಸನ್‌ನದು, ಅದೂ 1936ರದ್ದು.

ಆಲ್ಬಮ್ಮಿನ ಎಲ್ಲ ಹಾಡೂ ಕೂಡಿಬಂದಿಲ್ಲ. ಕೆಲವು ಕಡೆ ಮೂವರೂ ಒಬ್ಬರಿಗೊಬ್ಬರು ವಿಪರೀತ ಮರ್ಯಾದೆ ಕೊಟ್ಟುಕೊಳ್ಳುತ್ತಾರೆ. ಈ ಹಾಡಿನಲ್ಲಿ ಮಾತ್ರ ಉರುಳೆ ಕೊಳವೆಯ ವೇಷ ಹಾಕಲು ಹೋಗುವುದಿಲ್ಲ. ಮಿಸಿಸಿಪ್ಪಿಯವನನ್ನು ಅನುಕರಿಸದೆ, ತನ್ನ ಮನೆಯ ಗಮಕದಲ್ಲೇ ಮಾತಾಡುತ್ತದೆ.

ಇದನ್ನೂ ಗೌಡರಿಗೆ ಕೇಳಿಸಿದೆ. ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸದೆ ಹಾಗೇ ಹಿಡಿದುಕೊಂಡು ಪೂರ್ತಿ ಕೇಳಿದರು.

"ಏನಂತೆ ಹಾಡು?"

"ಮಳೆ ಬರೋ ಹಂಗದೆ, ಒಳಗ್ ಬಾ ಅಂತ ಕರೀತಾನೆ ಗೌಡ್ರೇ."

ಗೌಡರು ಸೂರಿನಾಚೆ ಮೋಡವಿಲ್ಲದ ಆಕಾಶ ನೋಡಿದರು. "ಮಳೆ ಹಾಡಾ? ಇನ್ನೊಂದ್ ಸಲ ಹಾಕಿ ಮೇಷ್ಟ್ರೇ."