ಮೊರದ ಮುಂದೆ ಕಾನೂನಿನ ಪುಸ್ತಕ

ದಾವಣಗೆರೆ, ಹರಿಹರದ ಮನೆಗಳಲ್ಲಿ ಬೀಡಿ ಕಟ್ಟುವ ತಾಯಂದಿರೂ ಕಾನೂನಿನ ಕಣ್ಣಲ್ಲಿ ಕಾರ್ಮಿಕರೇ. 1966ರ ಬೀಡಿ ಕಾರ್ಮಿಕರ ಕಾಯ್ದೆಯ ಜೀವವಿದ್ದದ್ದೇ ಆ ವ್ಯಾಖ್ಯೆಯಲ್ಲಿ: ಗುತ್ತಿಗೆದಾರನಿಂದ ಎಲೆ, ತಂಬಾಕು ಪಡೆದು ಮನೆಯಲ್ಲಿ ಕಟ್ಟುವವಳೂ ನೌಕರಳು. ಮಂಗಳೂರು ಗಣೇಶ್ ಬೀಡಿಯವರು ಕಾಯ್ದೆಯನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದಷ್ಟೇ. ಬೀಡಿ ಸರಿಯಿಲ್ಲವೆಂದು ಪಕ್ಕಕ್ಕೆಸೆದರೆ ದೂರಲು 39ನೇ ಕಲಮಿನಲ್ಲಿ ದಾರಿಯಿತ್ತು. ಆಕೆಗೆ ಅದನ್ನು ಹೇಳಿದವರಾರು? ಮನೆಮಾತು ದಖನಿ, ಬೀದಿಮಾತು ಕನ್ನಡ. ಕಲಮಿನ ಕನ್ನಡವೋ ಎರಡಕ್ಕೂ ಸೇರದ್ದು.

2025ರ ನವೆಂಬರ್ 21ರಂದು ಆ ಕಾಯ್ದೆ ಕಾರ್ಮಿಕ ಸಂಹಿತೆಯೊಳಗೆ ಕರಗಿತು. ಹಳೆಯ ದಾರಿ ಹೊಸ ಪುಸ್ತಕದಲ್ಲಿ ಎಷ್ಟು ಉಳಿದಿದೆಯೆಂದು ಕಾನೂನು ಓದುವ ನಮ್ಮ ಮಕ್ಕಳು ಅಮ್ಮಂದಿರ ಮೊರದ ಪಕ್ಕ ಕುಳಿತೇ ಹುಡುಕಲಿ.